ಮುಚ್ಚಿದ ಡಬ್ಬಿಯ ನೂಕುಬಲ: ಎಮ್‌ಡ್ರೈವ್ ಪರೀಕ್ಷೆಗಳ ಇಪ್ಪತ್ತು ವರ್ಷ

2001ರಲ್ಲಿ ಬ್ರಿಟನ್ನಿನ ಎಂಜಿನಿಯರ್ ರೋಜರ್ ಶಾಯರ್ ಕಂಪನಿಯೊಂದನ್ನು ಕಟ್ಟಿ, ಏನನ್ನೂ ಹೊರಗೆ ಉಗುಳದೆ ಮುಂದಕ್ಕೆ ಸಾಗುವ ಎಂಜಿನ್ ಮಾಡಲು ಹೊರಟರು. ಒಂದು ತುದಿ ಅಗಲ, ಇನ್ನೊಂದು ಕಿರಿದಾದ ಲೋಹದ ಡಬ್ಬಿ. ಒಳಗೆ ಪುಟಿಯುವ ಮೈಕ್ರೋವೇವ್ ಅಲೆಗಳು. ಎರಡು ತುದಿಗಳ ಮೇಲಿನ ಒತ್ತಡದಲ್ಲಿ ವ್ಯತ್ಯಾಸವಿರುವುದರಿಂದ ಡಬ್ಬಿ ಸರಿಯುತ್ತದೆ ಎಂಬುದು ಅವರ ವಾದ. ಇದೇ 'ಎಮ್‌ಡ್ರೈವ್'.

ಭೌತವಿಜ್ಞಾನಿಗಳು ಒಪ್ಪಲಿಲ್ಲ. ಮುಚ್ಚಿದ ಡಬ್ಬಿ ತನ್ನಷ್ಟಕ್ಕೆ ಸರಿದರೆ ಸಂವೇಗ ಸಂರಕ್ಷಣಾ ನಿಯಮವೇ ಬಿದ್ದುಹೋಗುತ್ತದೆ. ಆದರೆ ನಿಯಮದ ಹೆಸರು ಹೇಳಿ ಬಾಯಿ ಮುಚ್ಚಿಸುವ ಕಾಲ ಬೇಗ ಕಳೆಯಿತು, ಏಕೆಂದರೆ ಪ್ರಯೋಗಾಲಯಗಳಿಂದ ಅಂಕಿಗಳು ಬರತೊಡಗಿದವು. ಚೀನಾದ ಸೀಆನ್ ನಗರದಲ್ಲಿ ಯಾಂಗ್ ಜುವಾನ್ ತಂಡ 2.5 ಕಿಲೋವ್ಯಾಟ್ ವಿದ್ಯುತ್ತಿಗೆ 720 ಮಿಲಿನ್ಯೂಟನ್ ನೂಕುಬಲ ಸಿಕ್ಕಿತೆಂದಿತು. 2016ರಲ್ಲಿ ಅಮೆರಿಕದ ನಾಸಾದ ಹ್ಯೂಸ್ಟನ್ ಕೇಂದ್ರದ ಹೆರಾಲ್ಡ್ ವೈಟ್ ತಂಡ ನಿರ್ವಾತದಲ್ಲೇ ಅಳೆದು, ಕಿಲೋವ್ಯಾಟ್‌ಗೆ 1.2 ಮಿಲಿನ್ಯೂಟನ್ ಎಂದು ಪ್ರಕಟಿಸಿತು. ಅಷ್ಟೇ ಶಕ್ತಿಯ ಬೆಳಕನ್ನು ಹಿಂದಕ್ಕೆ ಹಾಯಿಸಿದರೆ ಸಿಗುವ ನೂಕಿಗಿಂತ ಇದು ಸುಮಾರು 360 ಪಟ್ಟು.

ಯಾಂಗ್ ತಂಡದ ಮುಂದಿನ ನಡೆಯನ್ನು ಮೆಚ್ಚಲೇಬೇಕು. ಹೊರಗಿನಿಂದ ಎಳೆದಿದ್ದ ವಿದ್ಯುತ್ ತಂತಿಗಳನ್ನು ತೆಗೆದು, ಬ್ಯಾಟರಿಯನ್ನೂ ನೂಕುಬಲ ತೂಗುವ ಸಾಧನದ ಮೇಲೆಯೇ ಕೂರಿಸಿ ಮತ್ತೆ ಅಳೆದರು. ನೂಕುಬಲ ಕಾಣಲಿಲ್ಲ. ತಮ್ಮದೇ ಹಳೆಯ ಫಲಿತಾಂಶ ಬಿದ್ದುಹೋದದ್ದನ್ನು ಅವರೇ ಪ್ರಕಟಿಸಿದರು.

ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಮಾರ್ಟಿನ್ ಟಾಯ್‌ಮಾರ್ 2018ರಲ್ಲಿ ಮಾಡಿದ ಪರೀಕ್ಷೆ ಇನ್ನೂ ಸರಳ. ಕೆಲವೇ ಮೈಕ್ರೋನ್ಯೂಟನ್ ನೂಕುಬಲ ಅವರ ಸಾಧನದಲ್ಲೂ ಕಂಡಿತ್ತು. ಮೈಕ್ರೋವೇವನ್ನು ಬಲಪಡಿಸುವ ಆಂಪ್ಲಿಫೈಯರಿಗೆ ಹೋಗುವ ವಿದ್ಯುತ್ತನ್ನು ಹಾಗೆಯೇ ಬಿಟ್ಟು, ಡಬ್ಬಿಗೆ ಹೋಗುವ ಮೈಕ್ರೋವೇವನ್ನು ಮಾತ್ರ ಹತ್ತಿರಹತ್ತಿರ ಇಲ್ಲವಾಗಿಸಿದರು. ಸೂಚಕದ ಅಂಕಿ ಬದಲಾಗಲಿಲ್ಲ, ನೂಕುಬಲ ಅಷ್ಟೇ ಇತ್ತು! ಅಂದಮೇಲೆ ಅದು ಡಬ್ಬಿಯದ್ದಲ್ಲ. ಆಂಪ್ಲಿಫೈಯರಿನ ತಂತಿಯಲ್ಲಿ ಸುಮಾರು 2 ಆಂಪಿಯರ್ ಹರಿಯುತ್ತದೆ. ಅಂಥ ತಂತಿ ಭೂಮಿಯ ಕಾಂತಕ್ಷೇತ್ರದಲ್ಲಿ ಕೆಲವೇ ಸೆಂಟಿಮೀಟರ್ ತೆರೆದುಕೊಂಡಿದ್ದರೂ ಅಷ್ಟು ಬಲ ಹುಟ್ಟುತ್ತದೆ.

ಕಾರಣವೆನ್ನುವುದನ್ನೇ ತೆಗೆದು, ಪರಿಣಾಮ ಉಳಿಯುತ್ತದೆಯೇ ಎಂದು ನೋಡುವ ಈ ಉಪಾಯಕ್ಕೆ ಶತಮಾನದ ಇತಿಹಾಸವಿದೆ. 1903ರಲ್ಲಿ ಫ್ರಾನ್ಸಿನ ನಾನ್ಸಿ ನಗರದ ರೆನೆ ಬ್ಲಾಂಡ್ಲೋ 'ಎನ್-ಕಿರಣ'ಗಳನ್ನು ಕಂಡೆನೆಂದು ಪ್ರಕಟಿಸಿದಾಗ, ಹಲವು ಫ್ರೆಂಚ್ ವಿಜ್ಞಾನಿಗಳಿಗೂ ಅವು ಕಾಣತೊಡಗಿದವು. ಮರುವರ್ಷ ಅಮೆರಿಕದ ರಾಬರ್ಟ್ ವುಡ್ ಆ ಪ್ರಯೋಗಾಲಯಕ್ಕೆ ಹೋಗಿ, ಕತ್ತಲಲ್ಲಿ ಸದ್ದಿಲ್ಲದೆ ಅಲ್ಯೂಮಿನಿಯಂ ಪ್ರಿಸಂ ತೆಗೆದುಬಿಟ್ಟರು. ಕಿರಣವನ್ನು ಹರಡಬೇಕಾದ ಪ್ರಿಸಮ್ಮೇ ಇಲ್ಲ, ಆದರೂ ಅಳತೆಗಳು ಮೊದಲಿನಂತೆಯೇ ಬರುತ್ತಿದ್ದವು. ಬ್ಲಾಂಡ್ಲೋ ಮೋಸಗಾರರಲ್ಲ, ನುರಿತ ಪ್ರಯೋಗಶೀಲರು. ಅವರನ್ನು ದಾರಿತಪ್ಪಿಸಿದ್ದು ಮಂದ ಬೆಳಕನ್ನು ಕಣ್ಣಳತೆಯಲ್ಲಿ ಹೋಲಿಸುವ ವಿಧಾನ. ಮೈಕ್ರೋವೇವ್ ಎಂಜಿನ್ನಿನ ವಿಷಯದಲ್ಲಿ ಕಣ್ಣಿನ ಸಮಸ್ಯೆ ಇರಲಿಲ್ಲ. ಅಲ್ಲಿ ಸೂಚಕ ನಿಜಕ್ಕೂ ಕದಲಿತ್ತು, ಕಾರಣ ಮಾತ್ರ ಬೇರೆ.

ನಾಸಾದ ಅಂಕಿಯ ಕಾರಣ ಹುಡುಕಲು ಇನ್ನೂ ಮೂರು ವರ್ಷ ಹಿಡಿಯಿತು. ನಾಸಾ ಡಬ್ಬಿಯ ಅಳತೆಯಲ್ಲೇ ಇನ್ನೊಂದನ್ನು ಮಾಡಿ, ಅದೇ ರೀತಿ ತೂಗುಹಾಕಿದಾಗ ಡ್ರೆಸ್ಡೆನ್‌ನಲ್ಲೂ ನೂಕುಬಲ ಕಾಣಿಸಿಕೊಂಡಿತು. ಮೈಕ್ರೋವೇವ್‌ಗೆ ಡಬ್ಬಿ ಕಾಯುತ್ತದೆ, ಕಾದು ಹಿಗ್ಗುತ್ತದೆ, ತೂಗುವ ಸಾಧನದ ಸಮತೋಲ ಕೂದಲೆಳೆಯಷ್ಟು ಪಲ್ಲಟಗೊಳ್ಳುತ್ತದೆ. ಸೂಚಕ ಅದನ್ನೇ ಬಲವೆಂದು ತೋರಿಸುತ್ತದೆ. ತೂಗುಹಾಕುವ ರೀತಿ ಬದಲಿಸಿದ ಮೇಲೆ ಅದೂ ಮಾಯವಾಯಿತು. 2021ರಲ್ಲಿ ಪ್ರಕಟವಾದ ಲೇಖನದ ಪ್ರಕಾರ, ನೂಕುಬಲ ಇದ್ದರೂ ಅದು ಅಷ್ಟೇ ಶಕ್ತಿಯ ಬೆಳಕಿನ ನೂಕಿಗಿಂತ ಕಡಿಮೆ.