ಕಾವಲು ಹಡಗಿನ ಲೆಕ್ಕ: ‘ಕಾವೇರಿ’ ಸ್ಲೂಪಿನ ಸೇವಾ ಇತಿಹಾಸವನ್ನು ಕಾರವಾರದ ಕಡಲಂಚಿನಿಂದ ಓದುವುದು

1961ರ ಡಿಸೆಂಬರ್ 18ರಂದು ಕಾರವಾರದೆದುರಿನ ಅಂಜದೀವ್ ದ್ವೀಪದ ಬಳಿಯೂ ಅಲ್ಲಿಂದ ಬಡಗಲಿಗಿರುವ ಮುರಗಾಂವ್ ಬಂದರಿನಲ್ಲಿಯೂ ಕಾದಾಟಕ್ಕೆ ಇಳಿದ ಯುದ್ಧನೌಕೆಗಳ ಜಾತಕ ತೆಗೆದರೆ ಒಂದು ಸೋಜಿಗ ಎದುರಾಗುತ್ತದೆ. ಎರಡೂ ಪಕ್ಷದ ಹಡಗುಗಳು ಹುಟ್ಟಿದ್ದು ಬ್ರಿಟಿಷ್ ಹಡಗುಕಟ್ಟೆಗಳಲ್ಲೇ. ಭಾರತದ ಕ್ರೂಸರ್ ‘ಮೈಸೂರು’, ಫ್ರಿಗೇಟ್‌ಗಳಾದ ‘ಬೇತ್ವಾ’ ಮತ್ತು ‘ಬಿಯಾಸ್’ ಟೈನ್ ನದಿಯ ದಂಡೆಯವು. ಅವುಗಳಿಗೆ ಎದುರಾದ ಪೋರ್ಚುಗಲ್ಲಿನ ‘ಅಫೊನ್ಸೊ ದ ಅಲ್ಬುಕರ್ಕ್’ ಕೂಡ ಅದೇ ಟೈನ್ ನದಿಯ ಹಾಥಾರ್ನ್ ಲೆಸ್ಲಿ ಕಟ್ಟೆಯಲ್ಲಿ 1934ರಲ್ಲಿ ನೀರಿಗಿಳಿದದ್ದು. ‘ತ್ರಿಶೂಲ್’ ಬೆಲ್‌ಫಾಸ್ಟಿನದು. ಈ ಸಾಲಿನಲ್ಲಿ ಎಲ್ಲಕ್ಕಿಂತ ಕಡಿಮೆ ಮಾತಿಗೆ ಬಂದಿರುವ ಹಡಗು ‘ಕಾವೇರಿ’. ಗ್ಲಾಸ್ಗೋ ನಗರದ ಸ್ಕಾಟ್ಸ್‌ಟೌನಿನಲ್ಲಿ ‘ಯ್ಯಾರೋ’ ಎಂಬ ಹೆಸರಿನ ಸಂಸ್ಥೆ ಕಟ್ಟಿದ ಈ ಸ್ಲೂಪ್ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯಕ್ಕಾಗಿಯೂ, ಗೋವಾ ವಿಮೋಚನೆಯಲ್ಲಿ ಸ್ವತಂತ್ರ ಭಾರತಕ್ಕಾಗಿಯೂ ದುಡಿಯಿತು. ಆದರೂ ಗೋವಾ ಕಾರ್ಯಾಚರಣೆಯ ವಿವರಣೆಗಳಲ್ಲಿ ಅದಕ್ಕೆ ಸಿಕ್ಕುವುದು ‘ಜೊತೆಗಿತ್ತು’ ಎಂಬ ಅರ್ಧ ವಾಕ್ಯ. ಆ ಅರ್ಧ ವಾಕ್ಯವನ್ನು ತಾತ್ಸಾರವೆಂದು ಓದದೆ ಸಾಕ್ಷ್ಯವೆಂದು ಓದಬೇಕು ಎಂಬುದು ಈ ಲೇಖನದ ವಾದ. ಸ್ಲೂಪ್ ಎಂಬುದು ಜೊತೆಗಿರಲೆಂದೇ ಕಟ್ಟಿದ ಹಡಗು. ಅದನ್ನು ಒಂಟಿಯಾಗಿ ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ದಿನ ಅದೇ ಬಂದರಿನಲ್ಲಿ ‘ಅಫೊನ್ಸೊ’ ಉತ್ತರ ಕೊಟ್ಟಿತು.

ಸ್ಲೂಪ್ ಎಂಬ ಹೆಸರು ಹಾಯಿಯ ಕಾಲದ್ದು. ಈ ಲೇಖನಕ್ಕೆ ಬೇಕಾದ ಅರ್ಥ ಮಾತ್ರ 1930ರ ಲಂಡನ್ ನೌಕಾ ಒಪ್ಪಂದದಿಂದ ಖಚಿತವಾದದ್ದು. ದೊಡ್ಡ ಯುದ್ಧನೌಕೆಗಳ ಸಂಖ್ಯೆಗೆ ಮಿತಿ ಹಾಕಿದ ಆ ಒಪ್ಪಂದ ಕೆಲವು ಸಣ್ಣ ಹಡಗುಗಳನ್ನು ಲೆಕ್ಕದ ಹೊರಗಿಟ್ಟಿತು: ತೂಕ 2,000 ಟನ್ ಮೀರಬಾರದು, ವೇಗ 20 ನಾಟ್ ದಾಟಬಾರದು, ಟಾರ್ಪಿಡೊ ಇರಬಾರದು. ಇನ್ನೂ ಕೆಳಗೆ, 600 ಟನ್ನಿಗಿಂತ ಚಿಕ್ಕವಕ್ಕೆ ಯಾವ ಕಟ್ಟುಪಾಡೂ ಇರಲಿಲ್ಲ. ಈ ಎರಡನೆಯ ಕಿಂಡಿಯಿಂದ ಹೊರಬಂದದ್ದೇ ಬ್ರಿಟನ್ನಿನ ‘ಕಿಂಗ್‌ಫಿಶರ್’ ವರ್ಗದ ಒಂಬತ್ತು ಕರಾವಳಿ ಸ್ಲೂಪ್‌ಗಳು. ಒಂದೇ ನಾಲ್ಕಿಂಚಿನ ತೋಪು, ಹಿಂಬದಿಯಲ್ಲಿ ಜಲಾಂತರ್ಗಾಮಿಗಳನ್ನು ಹೊಡೆಯುವ ಡೆಪ್ತ್ ಚಾರ್ಜ್‌ಗಳ ಸಾಲು, ದಡ ಬಿಟ್ಟು ಬಹುದೂರ ಹೋಗಲಾಗದಷ್ಟು ಇಂಧನ. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸರಕು ಹಡಗುಗಳ ಸಾಲನ್ನು ಕಾಯುತ್ತ ಅವು ಯುದ್ಧ ಕಳೆದವು. ‘ಪಿಂಟೇಲ್’ 1941ರ ಜೂನ್‌ನಲ್ಲಿ ಹಂಬರ್ ನದೀಮುಖದ ಬಳಿ ಕಡಲ ಮೈನ್ ಸಿಡಿದು ಮುಳುಗಿತು. ‘ಪಫಿನ್’ 1945ರ ಮಾರ್ಚಿನಲ್ಲಿ ಜರ್ಮನಿಯ ಕಿರು ಜಲಾಂತರ್ಗಾಮಿಯೊಂದಕ್ಕೆ ಡಿಕ್ಕಿ ಹೊಡೆದು ರಿಪೇರಿಗೆ ಸಿಗದಷ್ಟು ಜಖಂಗೊಂಡಿತು. ಉಳಿದ ಏಳು ಯುದ್ಧ ಮುಗಿಯುವವರೆಗೂ ಬದುಕಿದವು, ಅವುಗಳ ಹೆಸರು ಯಾರ ಬಾಯಲ್ಲೂ ಉಳಿಯಲಿಲ್ಲ. ಕಾವಲುಗಾರ ಎಚ್ಚರವಾಗಿದ್ದ ರಾತ್ರಿಗೆ ಕತೆ ಹುಟ್ಟುವುದಿಲ್ಲ.

‘ಕಾವೇರಿ’ ಈ ಕರಾವಳಿ ಸ್ಲೂಪ್‌ಗಳ ಅಕ್ಕ. ‘ಬ್ಲ್ಯಾಕ್ ಸ್ವಾನ್’ ಎಂಬ ಸಾಗರಗಾಮಿ ವರ್ಗಕ್ಕೆ ಸೇರಿದ ಅದು 1943ರ ಜೂನ್‌ನಲ್ಲಿ ನೀರಿಗಿಳಿದು ಅದೇ ಅಕ್ಟೋಬರಿನಲ್ಲಿ ರಾಯಲ್ ಇಂಡಿಯನ್ ನೇವಿಯ ಸೇವೆಗೆ ಸೇರಿತು. ಉದ್ದ ಸುಮಾರು 91 ಮೀಟರ್, ಜೋಡಿ ಜೋಡಿಯಾಗಿ ಕೂರಿಸಿದ ಆರು ನಾಲ್ಕಿಂಚಿನ ತೋಪು, 20 ನಾಟ್ ಆಸುಪಾಸಿನ ವೇಗ. ಸಟ್ಲೆಜ್, ಜಮುನಾ, ನರ್ಮದಾ, ಗೋದಾವರಿ, ಕೃಷ್ಣಾ ಎಂಬ ಒಡಹುಟ್ಟುಗಳೆಲ್ಲ ನದಿಗಳೇ. ಹಿಂದೂ ಮಹಾಸಾಗರದಲ್ಲಿ ಆಗ ಪರಿಸ್ಥಿತಿ ತಿಳಿಯಾಗಿರಲಿಲ್ಲ. 1944ರ ಫೆಬ್ರವರಿ 12ರಂದು ಮಾಲ್ಡೀವ್ಸ್ ಬಳಿ ಜಪಾನಿನ ಐ-27 ಜಲಾಂತರ್ಗಾಮಿ ‘ಖೆದಿವ್ ಇಸ್ಮಾಯಿಲ್’ ಎಂಬ ಸೈನಿಕ ಹಡಗನ್ನು ಹೊಡೆದಾಗ ಸತ್ತವರು ಸುಮಾರು 1,300 ಮಂದಿ. ಅದರ ಹಿಂದಿನ ದಿನವಷ್ಟೇ ವಿಶಾಖಪಟ್ಟಣದ ಕಡಲಲ್ಲಿ ‘ಜಮುನಾ’ ಎರಡು ಆಸ್ಟ್ರೇಲಿಯನ್ ಹಡಗುಗಳೊಡನೆ ಸೇರಿ ಜಪಾನಿನ ಆರ್‌ಒ-110 ಅನ್ನು ಮುಳುಗಿಸಿತ್ತು. ಆಗಸ್ಟ್ 12ರಂದು ಸೇಶೆಲ್ಸ್ ಬಳಿ ‘ಗೋದಾವರಿ’ ಬ್ರಿಟನ್ನಿನ ‘ಫಿಂಡ್‌ಹಾರ್ನ್’ ಜೊತೆಗೂಡಿ ಜರ್ಮನಿಯ ಯು-198ರ ಕತೆ ಮುಗಿಸಿತು. ‘ಕಾವೇರಿ’ಯ ಲೆಕ್ಕದಲ್ಲಿ ಇಂಥ ಬೇಟೆಯಿಲ್ಲ. 1945ರ ಮೇ ತಿಂಗಳಲ್ಲಿ ರಂಗೂನನ್ನು ಕಡಲ ಕಡೆಯಿಂದ ಹಿಡಿಯುವ ಕಾರ್ಯಾಚರಣೆಯಲ್ಲಿ ಅದು ಒಡಹುಟ್ಟುಗಳೊಡನೆ ಪಾಲುಗೊಂಡಿತು. ಅಲ್ಲಿಯೂ ಪಡೆಗಳು ಊರು ಮುಟ್ಟುವ ಹೊತ್ತಿಗೆ ಜಪಾನೀಯರು ಜಾಗ ಖಾಲಿ ಮಾಡಿದ್ದರು.

ಇಲ್ಲಿ ಒಬ್ಬ ಸಂದೇಹವಾದಿ ಎದ್ದುನಿಲ್ಲಬಹುದು. ಏನೂ ಆಗಲಿಲ್ಲ ಎಂಬುದು ಕಾವಲು ಚೆನ್ನಾಗಿತ್ತು ಎಂಬುದಕ್ಕೆ ಪುರಾವೆಯಾಗುವುದಾದರೆ, ಬಂದರಿನಲ್ಲಿ ಲಂಗರು ಹಾಕಿ ನಿದ್ದೆ ಮಾಡಿದ ಹಡಗಿಗೂ ಅದೇ ಪ್ರಶಸ್ತಿ ಕೊಡಬೇಕಲ್ಲ? ಆಕ್ಷೇಪ ಗಟ್ಟಿಯಾದದ್ದೇ. ಸಾಲದ್ದಕ್ಕೆ ‘ಖೆದಿವ್ ಇಸ್ಮಾಯಿಲ್’ಗೂ ಕಾವಲಿತ್ತು: ಒಂದು ಕ್ರೂಸರ್, ಎರಡು ವಿಧ್ವಂಸಕಗಳು ಜೊತೆಗಿದ್ದವು. ಕಾವಲಿದ್ದ ಮಾತ್ರಕ್ಕೆ ಸರಕು ದಡ ಸೇರುತ್ತದೆಂದು ಹೇಳಲು ಬರುವುದಿಲ್ಲ. ಆದರೆ ಒಂದು ಹಡಗಿನ ಸಾಮರ್ಥ್ಯವನ್ನು ಅದೊಂದರ ದಿನಚರಿಯಿಂದಲೇ ಅಳೆಯಬೇಕಿಲ್ಲ. ಒಂದೇ ನಕ್ಷೆ, ಒಂದೇ ಬಗೆಯ ಶಬ್ದಶೋಧಕ ಯಂತ್ರ, ಒಂದೇ ಬಗೆಯ ಆಯುಧ ಹೊತ್ತ ಆರರಲ್ಲಿ ಎರಡು ಹಡಗುಗಳ ಹಾದಿಗೆ ಜಲಾಂತರ್ಗಾಮಿ ಅಡ್ಡಬಂತು; ಎರಡೂ ಸಲ ಮುಳುಗಿದ್ದು ಜಲಾಂತರ್ಗಾಮಿ. ಆ ಎರಡೂ ಬೇಟೆಗಳು ಕೂಟದಲ್ಲಿ ನಡೆದವು ಎಂಬುದನ್ನೂ ಗಮನಿಸಬೇಕು. ‘ಜಮುನಾ’ ಒಂಟಿಯಾಗಿರಲಿಲ್ಲ, ‘ಗೋದಾವರಿ’ಯೂ ಅಷ್ಟೇ. ಒಂದು ಹಡಗು ನೀರಿನಡಿಯ ಸದ್ದಿಗೆ ಕಿವಿಗೊಟ್ಟು ದಿಕ್ಕು ಹೇಳಬೇಕು, ಇನ್ನೊಂದು ಆ ಜಾಗದ ಮೇಲೆ ಹಾಯಬೇಕು. ಕೂಟ ತಪ್ಪಿದರೆ ಸ್ಲೂಪಿನ ಕಸುಬೇ ಅರ್ಧ ಸತ್ತಂತೆ.

ಇನ್ನೊಂದು ಆಕ್ಷೇಪ ನಮ್ಮ ಕರಾವಳಿಯಿಂದಲೇ ಬರಬಹುದು: ಬ್ರಿಟಿಷರು ಕಟ್ಟಿ, ಬ್ರಿಟಿಷರು ನಡೆಸಿ, ಬ್ರಿಟಿಷರ ಯುದ್ಧಕ್ಕೆ ಕಳಿಸಿದ ಹಡಗನ್ನು ಕನ್ನಡದ ಹೆಸರಿದೆಯೆಂದು ನಮ್ಮದೆನ್ನುವುದು ಯಾವ ನ್ಯಾಯ? 1930ರ ಏಪ್ರಿಲಿನಲ್ಲಿ ಅಂಕೋಲೆಯ ಕಡಲ ದಂಡೆಯಲ್ಲಿ ಉಪ್ಪು ಮಾಡಿದ ಜನರನ್ನು ಜೈಲಿಗಟ್ಟಿದ ಸರ್ಕಾರವೇ ಹದಿಮೂರು ವರ್ಷದ ಮೇಲೆ ಈ ಹಡಗಿಗೆ ‘ಕಾವೇರಿ’ ಎಂದು ಹೆಸರಿಟ್ಟಿತು. ಆ ವಿಪರ್ಯಾಸವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹಡಗು ಕಬ್ಬಿಣ ಮಾತ್ರವೇ ಆಗಿದ್ದರೆ ಈ ಪ್ರಶ್ನೆ ಸುಲಭವಾಗುತ್ತಿತ್ತು. ಯುದ್ಧಕಾಲದಲ್ಲಿ ಹತ್ತು ಪಟ್ಟಿಗೂ ಮೀರಿ ಬೆಳೆದ ರಾಯಲ್ ಇಂಡಿಯನ್ ನೇವಿಯ ಕೆಳದರ್ಜೆಯ ನಾವಿಕರು ಭಾರತೀಯರು; 1946ರ ಫೆಬ್ರವರಿ 18ರಂದು ಮುಂಬಯಿಯ ‘ತಲ್ವಾರ್’ ನೆಲೆಯಲ್ಲಿ ಊಟ, ಸಂಬಳ, ಬೈಗುಳಗಳ ವಿರುದ್ಧ ಎದ್ದು 78 ಹಡಗುಗಳಿಗೆ ಬಂಡಾಯ ಹಬ್ಬಿಸಿದವರೂ ಇದೇ ಜನ. ವಿಭಜನೆಯಲ್ಲಿ ನದಿಗಳು ಹಂಚಿಹೋದವು: ‘ನರ್ಮದಾ’, ‘ಗೋದಾವರಿ’ ಪಾಕಿಸ್ತಾನಕ್ಕೆ ಹೋಗಿ ‘ಝೀಲಮ್’, ‘ಸಿಂಧ್’ ಆದವು, ನಾಲ್ಕು ಸ್ಲೂಪ್‌ಗಳು ಭಾರತಕ್ಕೆ ಉಳಿದವು. ಜುನಾಗಢದ ಬಿಕ್ಕಟ್ಟಿನಲ್ಲಿ ಸೌರಾಷ್ಟ್ರದ ತೀರಕ್ಕೆ ಸೈನ್ಯ ಸಾಗಿಸಿದ ಪಡೆಯಲ್ಲಿ ‘ಕೃಷ್ಣಾ’, ‘ಜಮುನಾ’ಗಳೊಡನೆ ‘ಕಾವೇರಿ’ಯೂ ಇತ್ತು. ಸ್ವತಂತ್ರ ಭಾರತದ ಮೊದಲ ನೌಕಾ ಕಾರ್ಯಾಚರಣೆಯೇ ಈ ಹಡಗುಗಳ ಬೆನ್ನೇರಿ ನಡೆಯಿತೆಂದ ಮೇಲೆ ಅವು ಯಾರವು ಎಂಬ ವಾದ ಬೆಳೆಸುವುದರಲ್ಲಿ ಅರ್ಥವಿಲ್ಲ.

ಈಗ ಎದುರಾಳಿಯ ಕಡೆ ತಿರುಗೋಣ. ‘ಅಫೊನ್ಸೊ ದ ಅಲ್ಬುಕರ್ಕ್’ ಕಾಗದದ ಮೇಲೆ ‘ಕಾವೇರಿ’ಗಿಂತ ಬಲಿಷ್ಠ: ಸುಮಾರು 100 ಮೀಟರ್ ಉದ್ದ, 120 ಮಿಲಿಮೀಟರಿನ ನಾಲ್ಕು ತೋಪು, 21 ನಾಟ್ ವೇಗ. ಪೋರ್ಚುಗೀಸರು ಅದನ್ನು ‘ಅವಿಸೊ’ ಎಂದರು, ಆಮೇಲೆ ಫ್ರಿಗೇಟ್ ಎಂದರು; ಕೆಲಸದ ಮಟ್ಟಿಗೆ ಅದು ವಸಾಹತುಗಳಲ್ಲಿ ಬಾವುಟ ತೋರಿಸಲು ಕಟ್ಟಿದ ಸ್ಲೂಪ್. ಅದರ ಚರಿತ್ರೆಯಲ್ಲಿ ಮಾನ ತರುವ ಪುಟಗಳೂ ಇವೆ. 1936ರ ಸೆಪ್ಟೆಂಬರಿನಲ್ಲಿ ಅದರ ನಾವಿಕರು ಸಲಜಾರನ ಸರ್ವಾಧಿಕಾರದ ವಿರುದ್ಧ ದಂಗೆಯೆದ್ದಾಗ ಲಿಸ್ಬನ್ನಿನ ಕೋಟೆಗಳೇ ಅದರ ಮೇಲೆ ಗುಂಡು ಹಾರಿಸಿದವು. 1942ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಕಡಲಲ್ಲಿ ‘ನೋವಾ ಸ್ಕೋಶಿಯ’ ಎಂಬ ಬ್ರಿಟಿಷ್ ಹಡಗು ಜರ್ಮನ್ ಜಲಾಂತರ್ಗಾಮಿಗೆ ಬಲಿಯಾದಾಗ ನೀರಿನಲ್ಲಿ ತೇಲುತ್ತಿದ್ದ ಸುಮಾರು 190 ಮಂದಿಯನ್ನು ಎತ್ತಿಕೊಂಡದ್ದು ಇದೇ ಹಡಗು. ಅವರಲ್ಲಿ ಹೆಚ್ಚಿನವರು ಬ್ರಿಟಿಷರ ಸೆರೆಯಲ್ಲಿದ್ದ ಇಟಲಿಯವರು. ಜನರನ್ನು ಉಳಿಸುವುದು, ದೂರದ ಬಂದರಿಗೆ ಹೋಗಿ ನಿಲ್ಲುವುದು, ಸುದ್ದಿ ಒಯ್ಯುವುದು: ಹೇಳಿ ಮಾಡಿಸಿದ ಕೆಲಸ ಕೊಟ್ಟಾಗ ಅದು ಎಲ್ಲೂ ಸೋಲಲಿಲ್ಲ.

1961ರ ಡಿಸೆಂಬರಿನ ಹೊತ್ತಿಗೆ ಪೋರ್ಚುಗಲ್ ಅದನ್ನು ಇಟ್ಟ ಜಾಗ ಬೇರೆ. ಹಿಂದೆ ಗೋವೆಯ ನೀರಿನಲ್ಲಿದ್ದ ಉಳಿದ ಅವಿಸೊಗಳು ಹೊರಟುಹೋಗಿ ಇದೊಂದೇ ಉಳಿದಿತ್ತು. 18ರ ಬೆಳಿಗ್ಗೆ ಭಾರತೀಯ ವಿಮಾನಗಳು ಬಾಂಬೋಳಿಯ ರೇಡಿಯೊ ಕೇಂದ್ರವನ್ನು ಕೆಡವಿದ ಮೇಲೆ ಲಿಸ್ಬನ್ನಿನ ಜೊತೆ ಮಾತಾಡುವ ಹೊಣೆಯೂ ಅದರ ತಲೆಗೆ ಬಿತ್ತು. ಶರಣಾಗತಿ ಬೇಡ, ಗೆಲ್ಲಿ ಇಲ್ಲವೇ ಸಾಯಿರಿ ಎಂಬುದು ಸಲಜಾರನ ಅಪ್ಪಣೆ. ಅಂದರೆ ಕಾವಲು ಹಡಗೊಂದು ಏಕಕಾಲಕ್ಕೆ ಕೋಟೆ, ಅಂಚೆಮನೆ, ಪ್ರತಿಷ್ಠೆಯ ಕಂಬ ಎಲ್ಲವೂ ಆಗಬೇಕಾಯಿತು. ಮಧ್ಯಾಹ್ನ 12ರ ಸುಮಾರಿಗೆ ‘ಬೇತ್ವಾ’, ‘ಬಿಯಾಸ್’ಗಳು ‘ಕಾವೇರಿ’ಯ ಜೊತೆಯಲ್ಲಿ ಬಂದರಿನತ್ತ ಬಂದವು. ‘ಅಫೊನ್ಸೊ’ ಲಂಗರು ಎತ್ತಿ ಎದುರು ಹೊರಟಿತು. ಅದರ ತೋಪು ನಿಮಿಷಕ್ಕೆ ಎರಡು ಗುಂಡು ಹಾರಿಸಿದರೆ ಹೊಸ ಫ್ರಿಗೇಟ್‌ಗಳದು ಹದಿನಾರು ಎಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಲೆಕ್ಕ. ರೇಡಿಯೊ ಸಿಬ್ಬಂದಿಯೊಬ್ಬ ಸತ್ತ; ಕಪ್ತಾನ ಅಂತೋನಿಯೊ ದ ಕುನ್ಯ ಅರಗಾಂವ್ ತೀವ್ರವಾಗಿ ಗಾಯಗೊಂಡ. ಒಂದು ಗಂಟೆ ಕಳೆಯುವುದರೊಳಗೆ ಹಡಗು ತಿರುಗಿ ಬಾಂಬೋಳಿಯ ಮರಳಿಗೆ ಹತ್ತಿ ನಿಂತಿತ್ತು. ಸತ್ತವರು ಐವರು, ಗಾಯಗೊಂಡವರು ಹದಿಮೂವರು.

ಮೂರರೆದುರು ಒಂದು, ಹೊಸದರೆದುರು ಹಳೆಯದು. ಇದರಿಂದ ಸ್ಲೂಪಿನ ಸ್ವಭಾವದ ಬಗ್ಗೆ ಏನು ತಿಳಿಯುತ್ತದೆ ಎಂದು ಕೇಳಬಹುದು. ತಿಳಿಯುವುದು ಇಷ್ಟು: ‘ಕಾವೇರಿ’ಯ ತೋಪುಗಳು ‘ಅಫೊನ್ಸೊ’ನವಕ್ಕಿಂತ ಸಣ್ಣವು, ವಯಸ್ಸಿನಲ್ಲಿ ಒಂಬತ್ತು ವರ್ಷವಷ್ಟೇ ಕಿರಿದು. ಅದನ್ನೂ ಒಬ್ಬಂಟಿಯಾಗಿ ಇಕ್ಕಟ್ಟಿನ ಬಂದರಿನಲ್ಲಿ ನಿಲ್ಲಿಸಿದ್ದರೆ ಎರಡು ಹೊಸ ಫ್ರಿಗೇಟ್‌ಗಳೆದುರು ಹೆಚ್ಚು ಹೊತ್ತು ಬಾಳುತ್ತಿರಲಿಲ್ಲ. ಅದನ್ನು ಉಳಿಸಿದ್ದು ಉಕ್ಕಿನ ದಪ್ಪವಲ್ಲ, ಮುಂದೆ ನಡೆದ ಎರಡು ಹಡಗುಗಳು. ಅವುಗಳ ಹಿಂದೆ ವಿಮಾನವಾಹಕ ನೌಕೆ ‘ವಿಕ್ರಾಂತ್’ ಇತ್ತು; ಬದಿಯಲ್ಲಿ ಮೈನ್ ಗುಡಿಸುವ ಸಣ್ಣ ಹಡಗುಗಳ ದಂಡಿತ್ತು. ಆ ದಂಡಿನಲ್ಲಿ ಒಂದರ ಹೆಸರು ‘ಕಾರವಾರ’ ಎಂಬುದನ್ನು ಇಲ್ಲಿ ಹೇಳದೆ ಬಿಟ್ಟರೆ ಈ ಜಿಲ್ಲೆಯ ಓದುಗರು ಕ್ಷಮಿಸಲಾರರು. ಬ್ರಿಟನ್ನಿನಲ್ಲೇ ಕಟ್ಟಿ 1956ರಲ್ಲಿ ನಮ್ಮ ನೌಕಾದಳಕ್ಕೆ ಬಂದ ಆ ಕರಾವಳಿ ಹಡಗಿನ ಮೈಯೆಲ್ಲ ಹೆಚ್ಚಾಗಿ ಮರ, ಕಬ್ಬಿಣದ ಸುಳಿವು ಹಿಡಿದು ಸಿಡಿಯುವ ಮೈನ್‌ಗಳಿಗೆ ಗುಟ್ಟು ಬಿಟ್ಟುಕೊಡದಿರಲೆಂದು.

ಅಂಜದೀವ್ ಮಾತ್ರ ಈ ವಾದಕ್ಕೆ ಸುಲಭವಾಗಿ ಮಣಿಯುವುದಿಲ್ಲ. ಕಾಳಿ ನದಿಯ ದಂಡೆಯ ಕಿನ್ನರ, ಕಡವಾಡಗಳಿಂದ ಅಂಕೋಲೆಯ ಬೇಲೇಕೇರಿವರೆಗಿನ ಜನಕ್ಕೆ 1961ರ ಯುದ್ಧವೆಂದರೆ ಮುರಗಾಂವ್ ಅಲ್ಲ, ಬಿಣಗಾ ಕೊಲ್ಲಿಯ ಎದುರಿನ ಈ ದ್ವೀಪ. ನವೆಂಬರಿನಲ್ಲಿ ‘ಸಾಬರಮತಿ’ ಪ್ರಯಾಣಿಕ ಹಡಗಿನ ಮೇಲೆ ಪೋರ್ಚುಗೀಸರ ಗುಂಡು ಹಾರಿದ್ದು ಇಲ್ಲಿಂದಲೇ. ಡಿಸೆಂಬರ್ 18ರಂದು ಅಲ್ಲಿಗೆ ಹೋದ ಹಡಗುಗಳಿಗೆ ಕೂಟದ ಕೊರತೆಯಿರಲಿಲ್ಲ: ‘ತ್ರಿಶೂಲ್’ ಇತ್ತು, ಆರಿಂಚಿನ ಒಂಬತ್ತು ತೋಪುಗಳ ‘ಮೈಸೂರು’ ಇತ್ತು. ‘ಮೈಸೂರು’ ‘ನೈಜೀರಿಯಾ’ ಎಂಬ ಹೆಸರಿನಲ್ಲಿ 1942ರ ಆಗಸ್ಟಿನಲ್ಲಿ ಮೆಡಿಟರೇನಿಯನ್ನಿನಲ್ಲಿ ಟಾರ್ಪಿಡೊ ತಿಂದೂ ಬದುಕಿದ ಹಡಗು. ಆದರೂ ದಡಕ್ಕಿಳಿದ ಏಳು ನಾವಿಕರು ಸತ್ತರು, ಹತ್ತೊಂಬತ್ತು ಮಂದಿ ಗಾಯಗೊಂಡರು. ದ್ವೀಪ ಪೂರ್ತಿ ಕೈವಶವಾದದ್ದು ಮರುದಿನ. ಹಾಗಾದರೆ ಕೂಟವೂ ಕೈಕೊಟ್ಟಿತೇ? ಸತ್ತವರು ಹಡಗಿನಲ್ಲಿ ಸಾಯಲಿಲ್ಲ. ಕಡಲ ಕೆಲಸಕ್ಕೆ ಪಳಗಿದ ನಾವಿಕರನ್ನು ನೆಲದ ಮೇಲೆ ಕಾಲಾಳುಗಳಂತೆ ಬಳಸಿದಾಗ ಸತ್ತರು. ಒಂದು ಕಸುಬಿನವರಿಗೆ ಇನ್ನೊಂದು ಕಸುಬು ಹೊರಿಸಿದ ಬೆಲೆಯನ್ನು ಮುರಗಾಂವಿನಲ್ಲಿ ಪೋರ್ಚುಗೀಸರು ತೆತ್ತರು, ಅಂಜದೀವಿನಲ್ಲಿ ನಾವು. ಇದೇ ದ್ವೀಪದಲ್ಲಿ ಮುನ್ನೂರು ವರ್ಷ ಮೊದಲು ಪೋರ್ಚುಗೀಸರಿಂದ ಮುಂಬಯಿ ಕೈಗೆ ಬರಲೆಂದು ಕಾಯುತ್ತ ಕುಳಿತ ಅಬ್ರಹಾಂ ಶಿಪ್‌ಮನ್ನನ ಇಂಗ್ಲಿಷ್ ಪಡೆ ಒಂದೂ ಗುಂಡು ಹಾರಿಸದೆ ಜ್ವರಕ್ಕೆ ಕರಗಿ ಹೋಗಿತ್ತು. ಶಿಪ್‌ಮನ್ ಸತ್ತದ್ದೂ 1664ರಲ್ಲಿ ಇಲ್ಲೇ.

‘ಅಫೊನ್ಸೊ’ವನ್ನು ಮರಳಿನಿಂದ ಬಿಡಿಸಿ ಮುಂಬಯಿಗೆ ಎಳೆದೊಯ್ದು ಗುಜರಿಗೆ ಮಾರಿದರು. ‘ಕಾವೇರಿ’ 1970ರ ದಶಕದವರೆಗೂ ಸೇವೆಯಲ್ಲಿತ್ತು. ಕಾರವಾರದ ಟಾಗೋರ್ ಕಡಲತೀರದಲ್ಲಿ ಇಂದು ಜನ ಹತ್ತಿಳಿದು ನೋಡುವ ಯುದ್ಧನೌಕೆ ಕ್ಷಿಪಣಿ ದೋಣಿ ‘ಚಪಲ್’. ಅಂಜದೀವ್ ಈಗ ತಡೆಗೋಡೆಯ ಮೂಲಕ ನೆಲಕ್ಕೆ ಅಂಟಿಕೊಂಡು ‘ಕದಂಬ’ ನೌಕಾನೆಲೆಯ ಗೋಡೆಯಾಗಿದೆ. 2023ರ ಜೂನ್‌ನಲ್ಲಿ ಚೆನ್ನೈ ಬಳಿಯ ಕಾಟ್ಟುಪಳ್ಳಿಯಲ್ಲಿ ಹೊಸ ಹಡಗೊಂದು ನೀರಿಗಿಳಿಯಿತು: ಸುಮಾರು 77 ಮೀಟರ್ ಉದ್ದ, 900 ಟನ್ ತೂಕ, ದಡದ ಬಳಿಯ ಆಳವಿಲ್ಲದ ನೀರಿನಲ್ಲಿ ಜಲಾಂತರ್ಗಾಮಿ ಹುಡುಕುವ ಕೆಲಸ. 1930ರ ದಶಕದ ಬ್ರಿಟಿಷ್ ನೌಕಾಧಿಕಾರಿಯೊಬ್ಬ ಆ ವಿವರ ಓದಿದ್ದರೆ ಕರಾವಳಿ ಸ್ಲೂಪ್ ಎಂದೇ ಗುರುತಿಸುತ್ತಿದ್ದ. ಅದಕ್ಕೆ ಇಟ್ಟ ಹೆಸರು ‘ಅಂಜದೀಪ್’.