ಮೆಗಾಪಿಕ್ಸೆಲ್ ಹೆಚ್ಚಿದ್ದರೆ ಫೋಟೋ ಚೆನ್ನಾಗಿ ಬರುತ್ತದೆಯೇ? ಸಾಲ ಮಾಡಿ ಡಿಎಸ್‌ಎಲ್‌ಆರ್ ಕೊಳ್ಳುವ ಮುನ್ನ ಓದಿ

ಹಬ್ಬ ಮತ್ತು ಮದುವೆ ಸೀಸನ್ ಹತ್ತಿರವಾದಂತೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ಡಿಎಸ್‌ಎಲ್‌ಆರ್ ಒಂದಿದ್ದರೆ ಸಾಕು, ಆರ್ಡರ್ ತಾನಾಗಿ ಬರುತ್ತದೆ. ಮೆಗಾಪಿಕ್ಸೆಲ್ ಹೆಚ್ಚಿದ್ದಷ್ಟೂ ಫೋಟೋ ಸ್ಪಷ್ಟ. ಲಕ್ಷ ಫೋಟೋ ತೆಗೆದ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮುಟ್ಟಲೇಬೇಡಿ. ಕ್ಯಾಮೆರಾ ಒದ್ದೆಯಾದರೆ ಅಕ್ಕಿ ಡಬ್ಬಿಯಲ್ಲಿ ಹಾಕಿಡಿ. ಇವನ್ನು ನಂಬಿ ಕಂತಿನ ಮೇಲೆ ಕ್ಯಾಮೆರಾ ತಂದು, ಫೋಟೋ ಮಸುಕಾಗಿ ಬಂದಾಗ ತಲೆ ಮೇಲೆ ಕೈ ಹೊತ್ತು ಕೂರುವವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಹುಡುಗರು. ಅವರಿಗಾಗಿ ಈ ಸಂದೇಶಗಳನ್ನು ಒಂದೊಂದಾಗಿ ನೋಡೋಣ.

ಉದಾಹರಣೆಗೆ ನಾವು ಆರಿಸಿಕೊಂಡ ಜಾಗ ರಾಯಚೂರು ಜಿಲ್ಲೆ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್. ಆರ್.ಎಚ್. ಎಂಬುದು ರಿಹ್ಯಾಬಿಲಿಟೇಶನ್, ಅಂದರೆ ಪುನರ್ವಸತಿ ಎಂಬುದರ ಚಿಕ್ಕ ರೂಪ. ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ನೆಲೆ ಕೊಟ್ಟ ಊರುಗಳಿವು. ಕ್ಯಾಮೆರಾಗೆ ಕಷ್ಟ ಕೊಡುವುದೆಲ್ಲ ಇಲ್ಲಿ ವರ್ಷದೊಳಗೇ ಬರುತ್ತದೆ: ದುರ್ಗಾ ಪೂಜೆಯ ರಾತ್ರಿ ಬೆಳಕು, ಭತ್ತದ ಕಟಾವಿನ ದೂಳು, ತುಂಗಭದ್ರಾ ಎಡದಂಡೆ ಕಾಲುವೆ ನೀರು ನಿಂತ ಗದ್ದೆಗಳ ತೇವ, ಬೇಸಿಗೆಯ ಸುಡು ಬಿಸಿಲು. ಇಲ್ಲಿ ಬಾಳಿಕೆ ಬರುವ ಕ್ಯಾಮೆರಾ ರಾಜ್ಯದ ಯಾವ ಮೂಲೆಯಲ್ಲಾದರೂ ಬಾಳುತ್ತದೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮಲ್ಲಿ ದೊಡ್ಡ ಲೆನ್ಸ್ ಇರುವ ಯಾವ ಕ್ಯಾಮೆರಾ ಕಂಡರೂ ಡಿಎಸ್‌ಎಲ್‌ಆರ್ ಎನ್ನುತ್ತಾರೆ. ನಿಜವಾದ ಡಿಎಸ್‌ಎಲ್‌ಆರ್ ಒಳಗೆ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ನಿಮ್ಮ ಕಣ್ಣಿನತ್ತ ತಿರುಗಿಸುತ್ತದೆ. ಬಟನ್ ಒತ್ತಿದಾಗ ಕನ್ನಡಿ ಮೇಲೆದ್ದು, ಬೆಳಕು ಹಿಂದಿನ ಸೆನ್ಸರ್ ಮೇಲೆ ಬೀಳುತ್ತದೆ. 'ಕ್ಲಿಕ್' ಎಂಬ ಸದ್ದಿನಲ್ಲಿ ಆ ಕನ್ನಡಿಯದೂ ಪಾಲಿದೆ. ಕನ್ನಡಿ ಇಲ್ಲದವು ಮಿರರ್‌ಲೆಸ್. ದೊಡ್ಡ ಕಂಪನಿಗಳು ಈಗ ಆ ಕಡೆಗೇ ಹೊರಳಿವೆ. 2020ರ 1ಡಿಎಕ್ಸ್ ಮಾರ್ಕ್ 3 ತನ್ನ ಕೊನೆಯ ಅತ್ಯುನ್ನತ ದರ್ಜೆಯ ಡಿಎಸ್‌ಎಲ್‌ಆರ್ ಎಂದು ಕ್ಯಾನನ್ ಮುಖ್ಯಸ್ಥರು 2021ರ ಕೊನೆಯಲ್ಲಿ ಹೇಳಿದ್ದರು. ಇದು ಹೊಸಬರಿಗೆ ಕೆಟ್ಟ ಸುದ್ದಿಯಲ್ಲ. ಮಿರರ್‌ಲೆಸ್‌ಗೆ ಬದಲಾಯಿಸುವವರ ಒಳ್ಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಕಡಿಮೆ ಬೆಲೆಗೆ ಬರುತ್ತಿವೆ.

ಮೆಗಾಪಿಕ್ಸೆಲ್ ಲೆಕ್ಕ

ಮೆಗಾಪಿಕ್ಸೆಲ್ ಎಂದರೆ ಚಿತ್ರದಲ್ಲಿರುವ ಚುಕ್ಕಿಗಳ ಸಂಖ್ಯೆ. 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಸುಮಾರು 6000 ಅಡ್ಡ, 4000 ಉದ್ದದ ಚುಕ್ಕಿಗಳಿರುತ್ತವೆ. ಮದುವೆ ಆಲ್ಬಮ್ಮಿನ 12×18 ಇಂಚಿನ ಪುಟವನ್ನು ಇಂಚಿಗೆ 300 ಚುಕ್ಕಿಯಂತೆ, ಅಂದರೆ ಬಹಳ ನುಣುಪಾಗಿ ಮುದ್ರಿಸಲು 3600×5400, ಸುಮಾರು 19 ಮೆಗಾಪಿಕ್ಸೆಲ್ ಸಾಕು. ಇಂಚಿಗೆ 200 ಆದರೆ 9 ಕೂಡ ಬೇಡ. ಇನ್ನು ವಾಟ್ಸಾಪ್ ಸಾಮಾನ್ಯ ಗುಣಮಟ್ಟದಲ್ಲಿ ಫೋಟೋದ ಉದ್ದದ ಬದಿಯನ್ನು ಸುಮಾರು 1600 ಚುಕ್ಕಿಗೆ ಇಳಿಸಿ ಕಳಿಸುತ್ತದೆ. ಅಂದರೆ ಎರಡು ಮೆಗಾಪಿಕ್ಸೆಲ್ಲೂ ಇಲ್ಲ. ನೀವು 24ರಲ್ಲಿ ತೆಗೆದಿರಿ, 45ರಲ್ಲಿ ತೆಗೆದಿರಿ, ಗುಂಪಿನಲ್ಲಿ ನೋಡುವವರಿಗೆ ಒಂದೇ. ಮೂಲ ಫೋಟೋವೇ ತಲುಪಬೇಕಿದ್ದರೆ 'ಡಾಕ್ಯುಮೆಂಟ್' ಆಗಿ ಕಳಿಸಿ.

108 ಮೆಗಾಪಿಕ್ಸೆಲ್ ಫೋನಿಗಿಂತ 24ರ ಕ್ಯಾಮೆರಾ ಹೇಗೆ ಮೇಲು ಎಂದು ಕೇಳುವವರಿದ್ದಾರೆ. ಅಂಥ ಫೋನ್‌ಗಳು ಸಾಮಾನ್ಯವಾಗಿ ಒಂಬತ್ತು ಚುಕ್ಕಿಗಳನ್ನು ಕೂಡಿಸಿ ಒಂದು ಮಾಡಿ, 12 ಮೆಗಾಪಿಕ್ಸೆಲ್ ಫೋಟೋವನ್ನೇ ಕೊಡುತ್ತವೆ. ವ್ಯತ್ಯಾಸ ಇರುವುದು ಸೆನ್ಸರಿನ ಗಾತ್ರದಲ್ಲಿ. ಕ್ಯಾನನ್‌ನ ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್ ಸೆನ್ಸರ್ ಸುಮಾರು 22×15 ಮಿಲಿಮೀಟರ್. ಸಾಧಾರಣ ಫೋನಿನ ಸೆನ್ಸರಿಗಿಂತ ಅದು ಹತ್ತು ಪಟ್ಟಿಗೂ ದೊಡ್ಡದು. ಮಳೆಯಲ್ಲಿ ಲೋಟ ಇಟ್ಟಂತೆ ಒಂದು, ಕೊಪ್ಪರಿಗೆ ಇಟ್ಟಂತೆ ಇನ್ನೊಂದು.

ಆದರೆ ಫೋನಿಗೆ ಬುದ್ಧಿ ಹೆಚ್ಚು. ರಾತ್ರಿ ಅದು ಒಂದರ ಹಿಂದೊಂದು ಹಲವು ಫೋಟೋ ತೆಗೆದು ಬೆರೆಸುತ್ತದೆ. ಅಲುಗಾಡದೆ ನಿಂತ ದೇವಿಯ ಮೂರ್ತಿಯನ್ನು ಒಳ್ಳೆಯ ಫೋನು ಡಿಎಸ್‌ಎಲ್‌ಆರ್‌ಗಿಂತ ಚೆನ್ನಾಗಿ ತೆಗೆದರೆ ಅಚ್ಚರಿ ಬೇಡ. ನಿಮ್ಮ ಫೋಟೋಗಳು ಸ್ಟೇಟಸ್ಸಿಗೆ ಮಾತ್ರ ಹೋಗುವುದಿದ್ದರೆ ಸಾಲ ಮಾಡಬೇಡಿ. ಇದು ನಮ್ಮ ಖಚಿತ ಅಭಿಪ್ರಾಯ.

ಪೆಂಡಾಲಿನಲ್ಲಿ ಲೆನ್ಸಿನ ಪರೀಕ್ಷೆ

ಮೂರ್ತಿಯ ಮುಂದೆ ಧೂಪದ ಪಾತ್ರೆ ಹಿಡಿದು ಕುಣಿಯುವವರನ್ನು ತೆಗೆಯಬೇಕಿದ್ದಾಗ ಫೋನಿನ ಬೆರಕೆ ತಂತ್ರ ಕೈಕೊಡುತ್ತದೆ, ಮುಖ ಕಲಸಿಹೋಗುತ್ತದೆ. ಡಿಎಸ್‌ಎಲ್‌ಆರ್ ಕೆಲಸಕ್ಕೆ ಬರುವುದು ಇಲ್ಲೇ, ಹೊಸಬರು ಸೋಲುವುದೂ ಇಲ್ಲೇ. ಕ್ಯಾಮೆರಾ ಜೊತೆ ಬರುವ 18-55 ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಅದರ ಬಾಯಿ ತೆರೆಯುವುದು ಎಫ್ 5.6ರವರೆಗೆ ಮಾತ್ರ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ಅಗಲ. ಎಫ್ 1.8 ಇರುವ 50 ಎಂಎಂ ಲೆನ್ಸ್ ಅದಕ್ಕಿಂತ ಹತ್ತಿರ ಹತ್ತು ಪಟ್ಟು ಬೆಳಕು ಒಳಬಿಡುತ್ತದೆ.

ಲೆಕ್ಕ ಹಾಕಿ ನೋಡಿ. ಪೆಂಡಾಲಿನ ಬೆಳಕಿನಲ್ಲಿ ಎಫ್ 1.8, ಸೆಕೆಂಡಿನ 125ನೇ ಒಂದು ಭಾಗದ ಶಟರ್, ಐಎಸ್‌ಒ 1600 ಇಟ್ಟರೆ ಫೋಟೋ ಸರಿ ಬರುತ್ತದೆ ಎಂದಿಟ್ಟುಕೊಳ್ಳಿ. ಅದೇ ಫೋಟೋ ಎಫ್ 5.6ರಲ್ಲಿ ಬೇಕಾದರೆ ಐಎಸ್‌ಒ 15,000 ದಾಟಬೇಕು. ಕ್ಯಾನನ್ 1500ಡಿ ಕ್ಯಾಮೆರಾದ ಸಾಮಾನ್ಯ ಮಿತಿಯೇ 6400. ಆಗ ಆಟೋ ಮೋಡ್ ಶಟರನ್ನು ನಿಧಾನ ಮಾಡುತ್ತದೆ, ಕುಣಿಯುವವರು ಹೊಗೆಯಾಗುತ್ತಾರೆ. 'ಕ್ಯಾಮೆರಾ ಡೂಪ್ಲಿಕೇಟ್ ಇರಬೇಕು' ಎಂಬ ಸಂಶಯ ಶುರುವಾಗುವುದು ಈ ಹಂತದಲ್ಲೇ. ಕ್ಯಾಮೆರಾದ ತಪ್ಪಿಲ್ಲ. ದುಬಾರಿ ಬಾಡಿಗೆ ಸುರಿಯುವ ಹಣದಲ್ಲಿ ಹತ್ತು ಸಾವಿರ ರೂಪಾಯಿ ಆಸುಪಾಸಿನ ಈ ಲೆನ್ಸಿಗೆ ತೆಗೆದಿಟ್ಟಿದ್ದರೆ ಕೆಲಸ ಆಗುತ್ತಿತ್ತು. ನಿಕಾನ್ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಡಿ3500, ಡಿ5600ರಂಥ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಗುವ ಹಳೆಯ 'ಎಎಫ್ ಡಿ' ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ತಿರುಗಿಸಬೇಕು. 'ಎಎಫ್-ಎಸ್' ಎಂದು ಬರೆದದ್ದನ್ನು ಕೇಳಿ ತನ್ನಿ.

ಸೀರಿಯಲ್ ಲೈಟು, ಎಲ್‌ಇಡಿ ಕೆಳಗೆ ಫೋಟೋದಲ್ಲಿ ಕಪ್ಪು ಪಟ್ಟಿ ಬಂದರೆ ಸೆನ್ಸರ್ ಹೋಯಿತು ಎಂದು ಗಾಬರಿಯಾಗಬೇಡಿ. ನಮ್ಮ ಕರೆಂಟು 50 ಹರ್ಟ್ಸ್. ಹಲವು ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟಿ ಬಹುತೇಕ ಮಾಯ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಬೆಳಕು ಚದುರಿಸುವುದು ಒಳ್ಳೆಯ ಉಪಾಯ, ಆದರೆ ಮೇಲೆ ಕೆಂಪು ಶಾಮಿಯಾನ ಇದ್ದರೆ ಮದುಮಗಳ ಮುಖವೂ ಕೆಂಪಗಾಗುತ್ತದೆ. ಫ್ಲ್ಯಾಶ್ ಹೊಡೆದರೆ ಎಳೆಗೂಸಿನ ಕಣ್ಣು ಹೋಗುತ್ತದೆ ಎಂಬ ಫಾರ್ವರ್ಡ್ ಮಾತ್ರ ಸುಳ್ಳು. ಕ್ಯಾಮೆರಾ ಫ್ಲ್ಯಾಶ್ ಕಣ್ಣಿಗೆ ಶಾಶ್ವತ ಹಾನಿ ಮಾಡುವುದಿಲ್ಲ. ಮಗು ಬೆಚ್ಚಿ ಅಳಬಹುದು, ಅಷ್ಟೇ.

ಬೆಳಕಿನ ದಿಕ್ಕು ಎಷ್ಟು ಮುಖ್ಯ ಎಂದು ತಿಳಿಯಲು ಪಕ್ಕದ ಮಸ್ಕಿಗೆ ಹೋಗಬಹುದು. ಅಶೋಕನ ಹೆಸರೇ ಇರುವ ಅಲ್ಲಿನ ಬಂಡೆ ಶಾಸನ 1915ರಲ್ಲಿ ಬೆಳಕಿಗೆ ಬಂತು. ಕಲ್ಲಿನಲ್ಲಿ ಕೊರೆದ ತೆಳು ಅಕ್ಷರಕ್ಕೆ ನೇರ ಫ್ಲ್ಯಾಶ್ ಹೊಡೆದರೆ ಅಕ್ಷರ ಅಳಿಸಿಹೋದಂತೆ ಕಾಣುತ್ತದೆ. ಬೆಳಕು ಪಕ್ಕದಿಂದ ಓರೆಯಾಗಿ ಬಿದ್ದರೆ ಪ್ರತಿ ಗೀರಿಗೂ ನೆರಳು ಬಂದು ಎದ್ದು ನಿಲ್ಲುತ್ತದೆ. ಮುಖಕ್ಕೂ ಇದೇ ಸೂತ್ರ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ

ಲಕ್ಷ ಫೋಟೋ ದಾಟಿದರೆ ಕ್ಯಾಮೆರಾ ಸತ್ತಂತೆ ಎಂಬುದು ಅರ್ಧ ಸತ್ಯ. ಆರಂಭಿಕ ದರ್ಜೆಯ ನಿಕಾನ್‌ಗಳ ಶಟರನ್ನು ಒಂದು ಲಕ್ಷ ಸಲ ಪರೀಕ್ಷಿಸಿರುತ್ತಾರೆ, ಡಿ750ರಂಥವನ್ನು ಒಂದೂವರೆ ಲಕ್ಷ ಸಲ. ಅದು ಔಷಧಿಯ ಎಕ್ಸ್‌ಪೈರಿ ದಿನಾಂಕದಂತೆ ಅಲ್ಲ. ಮುಂದೆಯೂ ನಡೆಯಬಹುದು, ಮೊದಲೇ ನಿಲ್ಲಲೂಬಹುದು. ಒಂದು ಮದುವೆಗೆ 2,000 ಫೋಟೋ ಎಂದು ಹಿಡಿದರೆ ಲಕ್ಷ ಎಂದರೆ 50 ಮದುವೆ. ಮಾರುವವರು 'ಬರೀ ಮನೆಯಲ್ಲೇ ಬಳಸಿದ್ದು' ಎಂದಾಗ ಈ ಲೆಕ್ಕ ನೆನಪಿರಲಿ. ನಿಕಾನ್ ಆದರೆ ಹೊಸದಾಗಿ ತೆಗೆದ ಒಂದು ಫೋಟೋದ ಒಳ ಮಾಹಿತಿಯಲ್ಲೇ ಶಟರ್ ಸಂಖ್ಯೆ ಸಿಗುತ್ತದೆ. ಕ್ಯಾನನ್‌ನಲ್ಲಿ ಸಾಮಾನ್ಯವಾಗಿ ಬೇರೆ ಸಾಫ್ಟ್‌ವೇರ್ ಬೇಕು.

ಹಗಲು ಹೊತ್ತಿನಲ್ಲೇ ಹೋಗಿ ನೋಡಿ. ಎಫ್ 16ಕ್ಕೆ ಇಟ್ಟು ಬರೀ ಆಕಾಶದ ಫೋಟೋ ತೆಗೆದರೆ ಸೆನ್ಸರ್ ಮೇಲಿನ ದೂಳೆಲ್ಲ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಲೆನ್ಸ್ ಬಿಚ್ಚಿ ಒಂದು ತುದಿಯಿಂದ ಫೋನಿನ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಫಂಗಸ್, ಅಗ್ಗವೆಂದು ಆಸೆ ಪಡಬೇಡಿ. ಬಾಡಿಯ ಸೀರಿಯಲ್ ನಂಬರ್ ಬಿಲ್ಲಿನಲ್ಲಿರುವುದಕ್ಕೆ ಹೊಂದಬೇಕು. ಹೊಸದನ್ನು ಬಿಲ್ ಇಲ್ಲದೆ ಅಗ್ಗಕ್ಕೆ ಕೊಡುತ್ತೇವೆ ಎಂದರೆ ಉಳಿಯುವ ಹಣದ ಜೊತೆಗೆ ಕಂಪನಿಯ ವಾರಂಟಿಯೂ ಹೋಗುತ್ತದೆ ಎಂದು ತಿಳಿಯಿರಿ.

ಯುವಿ ಫಿಲ್ಟರ್ ಇಲ್ಲದೆ ಡಿಜಿಟಲ್ ಫೋಟೋ ಕೆಡುವುದಿಲ್ಲ. ಲೆನ್ಸಿನ ಮುಂದಿನ ಗಾಜಿಗೆ ಅದೊಂದು ರಕ್ಷಣೆ ಮಾತ್ರ.

ಅಕ್ಕಿ, ಕರ್ಪೂರ, ಲೇಸರ್

ಕಾಲುವೆ ದಂಡೆಯಲ್ಲೋ ಮಳೆಯಲ್ಲೋ ಕ್ಯಾಮೆರಾ ನೆನೆದರೆ ಅಕ್ಕಿಯಲ್ಲಿ ಹೂತಿಡಬೇಡಿ. ಭತ್ತದ ಕಣಜ ಎನಿಸಿಕೊಂಡ ಸಿಂಧನೂರಿನಲ್ಲಿ ಈ ಮಾತು ಹೇಳಲು ಸಂಕೋಚವೇ. ಆದರೆ ಒಣ ಅಕ್ಕಿ ನೀರು ಹೀರುವುದು ಅತ್ಯಲ್ಪ, ಅದರ ಹಿಟ್ಟು ಮತ್ತು ನುಚ್ಚು ಸಂದಿಗೊಂದಿ ಸೇರುತ್ತದೆ. ಇದೇ ಕಾರಣಕ್ಕೆ ಆಪಲ್ ಕಂಪನಿ ಕೂಡ ಒದ್ದೆ ಐಫೋನನ್ನು ಅಕ್ಕಿಯಲ್ಲಿಡಬೇಡಿ ಎಂದು ಹೇಳಿದೆ. 'ನಡೆಯುತ್ತದೋ ನೋಡೋಣ' ಎಂದು ಆನ್ ಮಾಡಬೇಡಿ, ಹೆಚ್ಚು ಕ್ಯಾಮೆರಾ ಸಾಯುವುದು ಆಗಲೇ. ಮೊದಲು ಬ್ಯಾಟರಿ, ಕಾರ್ಡ್ ತೆಗೆಯಿರಿ, ಮೇಲಿನ ನೀರು ಒರೆಸಿ, ನೆರಳಲ್ಲಿ ಫ್ಯಾನ್ ಗಾಳಿಗೆ ಇಟ್ಟು ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ. ಕಟಾವಿನ ಹೊತ್ತಿನಲ್ಲಿ ಗದ್ದೆ ಬದಿ ನಿಂತು ಲೆನ್ಸ್ ಬದಲಿಸಬೇಡಿ. ಒಳಗೆ ಸೇರಿದ ದೂಳನ್ನು ಬಾಯಿಂದ ಊದಿದರೆ ಉಗುಳಿನ ಹನಿಯೂ ಸೇರುತ್ತದೆ, ರಬ್ಬರ್ ಬ್ಲೋವರ್ ಬಳಸಿ.

ಡಿಜೆ ಲೇಸರ್ ಬೆಳಕಿನಿಂದ ಕ್ಯಾಮೆರಾ ಹಾಳಾಗುತ್ತದೆ ಎಂಬ ಸಂದೇಶ ನಿಜ. ಹಂಚಿಕೊಳ್ಳಬೇಕಾದದ್ದು ಇದನ್ನೇ. ಲೇಸರ್ ಕಿರಣ ನೇರವಾಗಿ ಲೆನ್ಸಿಗೆ ಹೊಕ್ಕರೆ ಸೆನ್ಸರ್ ಮೇಲೆ ಗೆರೆಯೋ ಚುಕ್ಕಿಯೋ ಸುಟ್ಟು ಉಳಿಯಬಹುದು, ಮತ್ತೆ ಅಳಿಸಲಾಗದು. ಕಿಂಡಿಯಲ್ಲಿ ಕಣ್ಣಿಟ್ಟು ತೆಗೆಯುವಾಗ ಡಿಎಸ್‌ಎಲ್‌ಆರ್ ಕನ್ನಡಿ ಸೆನ್ಸರಿಗೆ ಅಡ್ಡ ಇರುತ್ತದೆ, ಕ್ಲಿಕ್ಕಿನ ಕ್ಷಣ ಬಿಟ್ಟರೆ. ವಿಡಿಯೋ ಮಾಡುವಾಗ ಆ ಆಸರೆ ಇಲ್ಲ. ಮೆರವಣಿಗೆಯಲ್ಲಿ ಲೇಸರ್ ನಿಮ್ಮತ್ತ ತಿರುಗಿದರೆ ಲೆನ್ಸಿಗೆ ಕೈ ಅಡ್ಡ ಹಿಡಿಯಿರಿ. ಅದೇ ಕಿಂಡಿಯಿಂದ ಸೂರ್ಯನನ್ನು ಮಾತ್ರ ನೋಡಲೇಬಾರದು. ಅಲ್ಲಿ ಸುಡುವುದು ನಿಮ್ಮ ಕಣ್ಣು.

ಮಳೆಗಾಲದಲ್ಲಿ ಬ್ಯಾಗಿನಲ್ಲೇ ಬಿಟ್ಟ ಲೆನ್ಸಿಗೆ ಫಂಗಸ್ ಹಿಡಿಯುತ್ತದೆ. ನುಸಿ ಗುಳಿಗೆ ಅಥವಾ ಕರ್ಪೂರ ಹಾಕಿಡುವ ರೂಢಿ ಕೆಲವರಿಗಿದೆ. ಅವುಗಳ ಜೊತೆ ಕ್ಯಾಮೆರಾ ಇಡಬಾರದು ಎಂದು ನಿಕಾನ್ ಕೈಪಿಡಿಗಳಲ್ಲೇ ಬರೆದಿದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯುವ ಪುಟ್ಟ ಮೀಟರ್ ಇಷ್ಟು ಸಾಕು. ತಮಾಷೆಯೆಂದರೆ ಆ ಮೀಟರಿನ ಮೇಲೂ 'ಆರ್.ಎಚ್.' ಎಂದೇ ಇರುತ್ತದೆ, ಅಲ್ಲಿ ಅದರ ಅರ್ಥ ಸಾಪೇಕ್ಷ ಆರ್ದ್ರತೆ. ಮುಳ್ಳು 40ರಿಂದ 50ರ ನಡುವೆ ಇದ್ದರೆ ಲೆನ್ಸ್ ಸುರಕ್ಷಿತ.

ಮೊದಲ ಕೆಲಸ ಮನೆಯಲ್ಲೇ ಇದೆ

ಹೊಸ ಕ್ಯಾಮೆರಾ ಕೈಗೆ ಬಂದವರು ಮದುವೆ ಆರ್ಡರ್ ಹುಡುಕುವ ಮುನ್ನ ಮಾಡಬಹುದಾದ ಕೆಲಸವೊಂದಿದೆ. ನೆಲೆ ಬಿಟ್ಟು ಬಂದ ಕುಟುಂಬಗಳ ಟ್ರಂಕಿನಲ್ಲಿ ಅಜ್ಜ-ಅಜ್ಜಿಯ ಒಂದೋ ಎರಡೋ ಫೋಟೋ, ಜಮೀನಿನ ಪತ್ರ, ಮಡಚಿ ಮಡಚಿ ಹರಿದ ಕಾಗದ ಇರುತ್ತವೆ. ಇನ್ನೊಂದು ಪ್ರತಿ ಎಲ್ಲೂ ಸಿಗದವು. ನಕಲು ಕಾನೂನಿನ ಕಣ್ಣಲ್ಲಿ ಮೂಲಪತ್ರದ ಜಾಗ ತುಂಬುವುದಿಲ್ಲ, ಆದರೆ ಗೆದ್ದಲು ತಿಂದ ಮೇಲೆ ಏನು ಬರೆದಿತ್ತು ಎಂದಾದರೂ ಗೊತ್ತಿರುತ್ತದೆ. ಸ್ಕ್ಯಾನರ್ ಇದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಕಾಗದವನ್ನು ಕಿಟಕಿ ಪಕ್ಕ ಮೇಜಿನ ಮೇಲೆ ಹರಡಿ, ಫ್ಲ್ಯಾಶ್ ಆರಿಸಿ, ಕ್ಯಾಮೆರಾವನ್ನು ಟ್ರೈಪಾಡಿನಲ್ಲಿ ಕಾಗದಕ್ಕೆ ಸಮನಾಗಿ ನಿಲ್ಲಿಸಿ. ಎಫ್ 8, ಐಎಸ್‌ಒ 100, ಎರಡು ಸೆಕೆಂಡಿನ ಟೈಮರ್ ಇರಲಿ. ಹಿಂಬದಿಯ ಬರಹವನ್ನೂ ತೆಗೆಯಿರಿ. ಫೈಲುಗಳನ್ನು ಎರಡು ಬೇರೆ ಕಡೆ ಉಳಿಸಿ, ಅಣ್ಣತಮ್ಮಂದಿರಿಗೆ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಕಿತ್ತು ತೆಗೆಯಲು ಹೋಗಬೇಡಿ, ಮುಖವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಕ್ಯಾಮೆರಾ ಹಿಂದೆ ಕಪ್ಪು ಬಟ್ಟೆ ಹಿಡಿಸಿ, ಪ್ರತಿಬಿಂಬ ಮಾಯವಾದ ಮೇಲೆ, ಗಾಜಿನ ಸಮೇತ ತೆಗೆಯಿರಿ.