ಬೂತಾಯಿ ಮೀನೂ ಕೊಚ್ಚಿಯ ಸಾಗರ ಸಮ್ಮೇಳನವೂ

ಮಂಜೇಶ್ವರದಲ್ಲಿ ಬೂತಾಯಿ, ಕಾಞಂಗಾಡಿನಲ್ಲಿ ಮತ್ತಿ, ಕಾರವಾರದ ಕಡೆ ತಾರ್ಲೆ. ಹೆಸರು ಮೂರಾದರೂ ಮೀನು ಒಂದೇ. ಒಂದು ವರ್ಷ ದೋಣಿ ತುಂಬುವ ಈ ಮೀನು ಇನ್ನೊಂದು ವರ್ಷ ಬುಟ್ಟಿಯ ತಳವನ್ನೂ ಮುಚ್ಚುವುದಿಲ್ಲ. ಇದೇಕೆ ಹೀಗೆ ಎಂಬಂಥ ಪ್ರಶ್ನೆಗಳನ್ನು ದೇಶ ವಿದೇಶಗಳ ವಿಜ್ಞಾನಿಗಳು ಕೂಡಿ ಚರ್ಚಿಸುವ ವೇದಿಕೆಯೇ ಕೊಚ್ಚಿಯ 'ಮೆಕಾಸ್' ಅಂತಾರಾಷ್ಟ್ರೀಯ ವಿಚಾರ ಸಂಕಿರಣ.

1958ರಲ್ಲಿ ಹುಟ್ಟಿದ ಭಾರತೀಯ ಸಾಗರ ಜೀವವಿಜ್ಞಾನ ಸಂಘವು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಜೊತೆಗೂಡಿ ಇದನ್ನು ನಡೆಸುತ್ತದೆ. ಮೊದಲನೆಯದು ಫೆಬ್ರವರಿ 2009ರಲ್ಲಿ, ಎರಡನೆಯದು ಡಿಸೆಂಬರ್ 2014ರಲ್ಲಿ, ಮೂರನೆಯದು ಜನವರಿ 2020ರಲ್ಲಿ ನಡೆಯಿತು. ಕಡಲಿನ ಬಿಸಿ, ಹವಳದ ದಿಬ್ಬ, ಪಂಜರದಲ್ಲಿ ಮೀನು ಸಾಕಣೆ, ಪ್ಲಾಸ್ಟಿಕ್ ಹೀಗೆ ವಿಷಯಗಳು ಹಲವು. ನಮ್ಮ ಕಡಲತೀರದವರಿಗೆ ಮುಖ್ಯವಾದದ್ದು ಮಾತ್ರ ಒಂದೇ: ಎಷ್ಟು ಹಿಡಿಯಬಹುದು, ಎಷ್ಟು ಬಿಡಬೇಕು?

ಬೂತಾಯಿಯ ಅಧ್ಯಯನ ಹೊಸದಲ್ಲ. ಕಾಸರಗೋಡು ಮದ್ರಾಸ್ ಆಡಳಿತದಲ್ಲಿದ್ದ ಕಾಲದಲ್ಲೇ, 1923ರಲ್ಲಿ, ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು ಇದರ ಜೀವನಚಕ್ರದ ಬಗ್ಗೆ ಬರೆದಿದ್ದರು. ಈ ಮೀನಿನ ಆಯುಷ್ಯ ಸುಮಾರು ಎರಡೂವರೆ ವರ್ಷವಷ್ಟೆ. ಮಳೆಗಾಲದಲ್ಲಿ ಮೊಟ್ಟೆ ಇಡುತ್ತದೆ. ಆ ವರ್ಷದ ಮರಿ ಉಳಿಯದಿದ್ದರೆ ಮರುವರ್ಷದ ಬಲೆ ಖಾಲಿ.

ಕೇರಳದ ಅಂಕಿ ಅಂಶ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್! 2023ರಲ್ಲಿ ಮತ್ತೆ ಒಂದು ಲಕ್ಷ ಟನ್ ದಾಟಿತು. ಕಾರಣ ಒಂದೇ ಅಲ್ಲ. ಎಲ್ ನಿನೊದಿಂದ ಕಡಲು ಬಿಸಿಯಾದದ್ದೂ ಹೌದು, ಮಿತಿಮೀರಿ ಹಿಡಿದದ್ದೂ ಹೌದು. ಬಿಸಿಯಾದ ಕಡಲನ್ನು ಯಾರೂ ತಣಿಸಲಾರರು. ಬಲೆಯ ಕಣ್ಣನ್ನು ದೊಡ್ಡದು ಮಾಡಬಹುದು.

ಅದಕ್ಕಾಗಿಯೇ ಸಿಎಂಎಫ್‌ಆರ್‌ಐ ಸಲಹೆಯಂತೆ ಕೇರಳ ಸರಕಾರ ಹಿಡಿಯಬಹುದಾದ ಮೀನಿನ ಕನಿಷ್ಠ ಉದ್ದವನ್ನು ಗೊತ್ತುಪಡಿಸಿದೆ. ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14. ಇದಕ್ಕಿಂತ ಚಿಕ್ಕದನ್ನು ತಂದರೆ ಶಿಕ್ಷಾರ್ಹ. ಮನೆಯ ಸಾರಿಗೆ ಬಾರದ ಇಂಥ ಮರಿಮೀನು ಲಾರಿ ಹತ್ತಿ ಫಿಶ್‌ಮಿಲ್ ಸೇರುವುದನ್ನು ತಡೆಯುವುದೇ ಇದರ ಉದ್ದೇಶ. ಸಾಲ ಮಾಡಿ ಡೀಸೆಲ್ ಹಾಕಿಸಿದವನಿಗೆ ಬಲೆಗೆ ಬಿದ್ದದ್ದನ್ನು ಬಿಟ್ಟು ಬರಲು ಹೇಳುವುದು ಸುಲಭವಲ್ಲ ಎಂಬುದೂ ನಿಜ.

ಗಡಿಯವರಿಗೆ ಇನ್ನೊಂದು ತೊಡಕಿದೆ. ಮಳೆಗಾಲದ ಯಾಂತ್ರಿಕ ಮೀನುಗಾರಿಕೆ ನಿಷೇಧ ಕರ್ನಾಟಕದಲ್ಲಿ ಜೂನ್ 1ರಿಂದ 61 ದಿನ. ಕೇರಳದಲ್ಲಿ ಟ್ರಾಲ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ 52 ದಿನ. ಎರಡೂ ಮುಗಿಯುವುದು ಜುಲೈ 31ಕ್ಕೆ. ತಲಪಾಡಿಯ ಚೆಕ್‌ಪೋಸ್ಟ್ ಮೀನಿಗೆ ಗೊತ್ತಿಲ್ಲ.

ಸಮ್ಮೇಳನದಲ್ಲಿ ತೋರಿಸುವ ಹಿಡುವಳಿಯ ಲೆಕ್ಕ ಹುಟ್ಟುವುದು ಮಾತ್ರ ದಕ್ಕೆಯಲ್ಲೇ. ಸಂಸ್ಥೆಯ ಸಿಬ್ಬಂದಿ ಆಯ್ದ ದಿನಗಳಲ್ಲಿ ಬಂದು, ಕೆಲವು ದೋಣಿಗಳ ಮೀನನ್ನು ಜಾತಿವಾರು ಬರೆದುಕೊಳ್ಳುತ್ತಾರೆ. ಅದರಿಂದಲೇ ಇಡೀ ಕರಾವಳಿಯ ಅಂದಾಜು. ಆ ದಿನ ದೋಣಿಯವರು ಹೇಳುವ ಲೆಕ್ಕ ಸರಿಯಿದ್ದಷ್ಟೇ ಕೊಚ್ಚಿಯ ಲೆಕ್ಕವೂ ಸರಿ.